ಐದು ಮನೆ ಶ್ರುತಿ ಮೂರಕ್ಕೆ ಇಳಿದರೆ: ಸ್ಪೂಲ್ ಟೇಪ್ ರೆಕಾರ್ಡರಿನ ಸ್ಪೀಡ್ ತೊಂದರೆ ಹುಡುಕುವ ಬಗೆ

ಹಾಡಿದ್ದು ಅತ್ತೆ, ಕೇಳಿಸಿದ್ದು ಮಾವನ ಧ್ವನಿ. ಅಷ್ಟು ದಪ್ಪ, ಅಷ್ಟು ನಿಧಾನ. ಮೈಸೂರಿನ ಮನೆಯಲ್ಲಿ 1970ರ ದಶಕದಲ್ಲಿ ರೆಕಾರ್ಡ್ ಮಾಡಿದ್ದ ಸ್ಪೂಲ್ ಅದು. ಅಮೆರಿಕದಿಂದ ವಾಪಸಾದ ಸಂಬಂಧಿಕರು ಕೊಟ್ಟುಹೋದ ಮೆಷಿನ್ನಿಗೆ ಹಾಕಿದ್ದೆ. ಅತ್ತೆ ಒಳಗಿಂದ ಶ್ರುತಿ ಪೆಟ್ಟಿಗೆ ತಂದು ಪಕ್ಕದಲ್ಲಿಟ್ಟುಕೊಂಡು ಒಂದು ನಿಮಿಷ ಕೇಳಿದರು. "ಇದು ಮೂರು ಮನೆ ಕಣಪ್ಪ, ಅದಕ್ಕೂ ಒಂದು ಕೂದಲೆಳೆ ಕೆಳಗೆ. ನಾನು ಯಾವತ್ತೂ ಐದಕ್ಕೆ ಹಾಡೋಳು" ಅಂದರು. ಮನೆ ಅಂದರೆ ಶ್ರುತಿಯ ಎತ್ತರದ ಲೆಕ್ಕ, ಸಂಖ್ಯೆ ಏರಿದಷ್ಟೂ ಶ್ರುತಿ ಮೇಲೆ.

ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು. ನಾನು ಸ್ಕ್ರೂಡ್ರೈವರ್ ತಂದೆ. ಬೆಲ್ಟ್ ಬದಲಿಸಿದೆ, ಎಣ್ಣೆ ಬಿಟ್ಟೆ, ಎರಡು ಭಾನುವಾರ ಕಳೆದೆ. ಶ್ರುತಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಮೆಷಿನ್ನಿನಲ್ಲಿ ಏನೂ ಕೆಟ್ಟಿರಲೇ ಇಲ್ಲ. ಅದು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಮಿಡಿಯುವ, ಕರೆಂಟಿಗೆ ಮಾಡಿದ್ದು, ನಮ್ಮ ಗೋಡೆಯಲ್ಲಿ ಬರುವುದು 50. ಅತ್ತೆ ಹೇಳಿದ "ಮೂರು ಮನೆ"ಯಲ್ಲೇ ಉತ್ತರ ಇತ್ತು. ಲೆಕ್ಕ ಮುಂದೆ ಬರುತ್ತದೆ.

ಅವತ್ತಿನಿಂದ ನಾನು ಇಟ್ಟುಕೊಂಡಿರುವ ಕ್ರಮ ಇದು. ಮೊದಲು ಕಿವಿ, ಆಮೇಲೆ ಅಳತೆ, ಆಮೇಲೆ ಹತ್ತಿ ಮತ್ತು ಸ್ಪಿರಿಟ್ಟು. ಸ್ಪೀಡ್ ತಿರುಗಿಸುವ ಸ್ಕ್ರೂ ಎಲ್ಲಕ್ಕಿಂತ ಕೊನೆಗೆ.

ಬಿಚ್ಚುವ ಮುಂಚೆ ಕೇಳಿ

ಸ್ಪೀಡ್ ತೊಂದರೆ ಅಂದರೆ ಒಂದೇ ತೊಂದರೆ ಅಲ್ಲ. ಮೊದಲಿಂದ ಕೊನೆವರೆಗೆ ಒಂದೇ ಸಮ ನಿಧಾನವೋ ಜೋರೋ ಇದ್ದರೆ ಅದು ಒಂದು ಜಾತಿ. ಶ್ರುತಿ ಉಯ್ಯಾಲೆಯ ಹಾಗೆ ತೂಗಾಡಿದರೆ ಇನ್ನೊಂದು. ಶುರುವಿನಲ್ಲಿ ಚೆನ್ನಾಗಿದ್ದು ಸ್ಪೂಲ್ ಮುಗಿಯುತ್ತಾ ಬಂದಂತೆ ಎಳೆಯತೊಡಗಿದರೆ ಮೂರನೆಯದು. ಹಾಕಿದ ತಕ್ಷಣ ಎಳೆದು, ಹತ್ತು ನಿಮಿಷ ಬಿಸಿಯಾದ ಮೇಲೆ ಸರಿಹೋಗುವುದೂ ಉಂಟು, ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಎಳೆಯುವುದೂ ಉಂಟು. ನಿಮ್ಮದು ಯಾವುದು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಅರ್ಧ ರಿಪೇರಿ ಅಲ್ಲೇ ಆದ ಹಾಗೆ.

ಧ್ವನಿ ಸರಿಯಾಗಿ ಅರ್ಧಕ್ಕೋ ಎರಡರಷ್ಟಕ್ಕೋ ಹೋಗಿದ್ದರೆ ಅದು ರಿಪೇರಿಯೇ ಅಲ್ಲ. ಸ್ಪೀಡಿನ ಗುಂಡಿ ತಪ್ಪಿದೆ, ಅಷ್ಟೆ. ಮನೆಬಳಕೆಯ ಮೆಷಿನ್ನುಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 19.05, 9.53, 4.76 ಸೆಂ.ಮೀ. ಸ್ಪೀಡುಗಳಿರುತ್ತವೆ. ಗುಂಡಿಯ ಮೇಲೆ 19, 9.5, 4.75 ಅಂತಲೋ, ಇಂಚಿನ ಲೆಕ್ಕದಲ್ಲಿ 7½, 3¾, 1⅞ ಅಂತಲೋ ಬರೆದಿರುತ್ತದೆ. ಒಂದು ಇನ್ನೊಂದರ ಸರಿಯಾದ ಅರ್ಧ. ಟೇಪ್ ಉಳಿಸಲು ಭಾಷಣ, ಹರಿಕಥೆಗಳನ್ನು 4.75ರಲ್ಲಿ ರೆಕಾರ್ಡ್ ಮಾಡುತ್ತಿದ್ದವರು ಬೇಕಾದಷ್ಟು ಜನ. ನಿಮ್ಮ ಮೆಷಿನ್ನಿನಲ್ಲಿ ಆ ಸ್ಪೀಡೇ ಇಲ್ಲದಿರಬಹುದು. ರೇಡಿಯೋ ವರದಿಗಾರರು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ ಊಹರ್ 4000 ರಿಪೋರ್ಟ್‌ನಲ್ಲಂತೂ 2.4 ಕೂಡ ಇತ್ತು.

ಎಳೆದಾಟ ಇದೆಯೋ ಇಲ್ಲವೋ ಕೇಳುವಾಗ ಒಂದು ಎಚ್ಚರ. ನಮ್ಮ ಸಂಗೀತದಲ್ಲಿ ಗಮಕ ಇದೆಯಲ್ಲ, ಅದು ಮೆಷಿನ್ನಿನ ತಪ್ಪನ್ನು ಚೆನ್ನಾಗಿ ಮುಚ್ಚಿಹಾಕುತ್ತದೆ. ಗಾಯಕರ ಧ್ವನಿಯನ್ನೋ ಪಿಟೀಲನ್ನೋ ನಂಬಬೇಡಿ. ಹಿಂದೆ ನಿಂತಿರುವ ತಂಬೂರಿಗೆ ಕಿವಿ ಕೊಡಿ. ಹಾರ್ಮೋನಿಯಂ ಇದ್ದರೆ ಇನ್ನೂ ಒಳ್ಳೆಯದು, ಅದಕ್ಕೆ ಸ್ವರ ಅಲುಗಿಸಲು ಬರುವುದೇ ಇಲ್ಲ. ತಂಬೂರಿ ನಡುಗಿದರೆ ತಪ್ಪು ಮೆಷಿನ್ನಿನದೋ ಟೇಪಿನದೋ, ಹಾಡಿದವರದಂತೂ ಅಲ್ಲ.

ತಪ್ಪು ಟೇಪಿನದೋ ಮೆಷಿನ್ನಿನದೋ

ಒಂದೇ ಟೇಪ್ ಕೇಳಿ ಮೆಷಿನ್ನಿಗೆ ಶಿಕ್ಷೆ ಕೊಡಬೇಡಿ. ಬೇರೆ ಬೇರೆ ಕಡೆ ರೆಕಾರ್ಡ್ ಆದ ಕನಿಷ್ಠ ಮೂರು ಟೇಪ್ ಹಾಕಿ ನೋಡಿ. ಮೂರೂ ಒಂದೇ ಥರ ಎಳೆದರೆ ಮೆಷಿನ್ನು. ಒಂದು ಮಾತ್ರ ಎಳೆದರೆ ಟೇಪು.

ಟೇಪಿನ ತಪ್ಪು ಎರಡು ಬಗೆ. ಮೊದಲನೆಯದು, ರೆಕಾರ್ಡ್ ಮಾಡುವಾಗಲೇ ಆದ ತಪ್ಪು. ಬ್ಯಾಟರಿ ಮೆಷಿನ್ನಿನಲ್ಲಿ ರೆಕಾರ್ಡ್ ಮಾಡುತ್ತಾ ಬ್ಯಾಟರಿ ಸೋತಿದ್ದರೆ, ಟೇಪು ಆಗ ನಿಧಾನವಾಗುತ್ತಾ ಹೋಗಿರುತ್ತದೆ. ಈಗ ಸರಿಯಾದ ಸ್ಪೀಡಿನಲ್ಲಿ ಹಾಕಿದರೆ ಅದೇ ಉಲ್ಟಾ ಕೇಳುತ್ತದೆ. ಹಾಡು ಬರಬರುತ್ತಾ ಕೀರಲಾಗುತ್ತಾ ಮೇಲೇರುತ್ತದೆ. ಮೆಷಿನ್ ಎಷ್ಟು ಬಿಚ್ಚಿದರೂ ಇದು ಸರಿಹೋಗುವುದಿಲ್ಲ.

ಎರಡನೆಯದು ಅಂಟು ರೋಗ. 1970ರ ದಶಕದ ಮಧ್ಯದಿಂದ ಮುಂದೆ ತಯಾರಾದ ಕೆಲವು ಟೇಪುಗಳಲ್ಲಿ, ಆಂಪೆಕ್ಸ್ 456 ಅದರ ಹೆಸರುವಾಸಿ ಉದಾಹರಣೆ, ಧ್ವನಿ ದಾಖಲಾಗುವ ಕಂದು ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಟೇಪು ತನ್ನನ್ನು ಓದುವ ಹೆಡ್ಡಿಗೆ ಅಂಟಿ ಅಂಟಿ ಬಿಡುತ್ತದೆ, ಕೀಚ್ ಅಂತ ಕೂಗುತ್ತದೆ, ಹೆಡ್ಡಿನ ಮೇಲೆ ಕಂದು ಮೇಣ ಬಿಡುತ್ತದೆ. ಹಿಂಬದಿ ಮಾಸಲು ಕಪ್ಪಾಗಿರುವ ಟೇಪಿನ ಮೇಲೆ ಮೊದಲ ಅನುಮಾನ ಇಡಿ. ಕರಾವಳಿಯ ಸೆಖೆಯಲ್ಲಿ ವರ್ಷಗಟ್ಟಲೆ ಇದ್ದ ಟೇಪಾದರೆ ಇನ್ನೂ ಜಾಸ್ತಿ. ಕೂಗಿದ ಕೂಡಲೇ ನಿಲ್ಲಿಸಿ. ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆಗೂ ಹೆಚ್ಚು ಹೊತ್ತು ಒಣ ಶಾಖ ಕೊಟ್ಟರೆ ಇಂಥ ಟೇಪು ಕೆಲವು ದಿನಗಳ ಮಟ್ಟಿಗೆ ಸುಧಾರಿಸುತ್ತದೆ. ಆದರೆ ಅಡುಗೆಮನೆಯ ಓವನ್ ಹೇಳುವ ಡಿಗ್ರಿಯನ್ನು ನಂಬಿ ಮನೆಯಲ್ಲಿರುವ ಒಂದೇ ಒಂದು ಟೇಪನ್ನು ಒಳಗಿಡಬೇಡಿ. ಇನ್ನೂ ಹಳೆಯ, ಅಸಿಟೇಟ್ ಪ್ಲಾಸ್ಟಿಕ್ಕಿನ ಟೇಪಿಗೆ ಶಾಖ ಕೊಡಲೇಬಾರದು. ಸ್ಪೂಲನ್ನು ಬೆಳಕಿಗೆ ಹಿಡಿದರೆ ಅಸಿಟೇಟ್ ಸುರುಳಿಯೊಳಗಿಂದ ಬೆಳಕು ಹಾಯುತ್ತದೆ. ಪಾಲಿಯೆಸ್ಟರ್ ಸುರುಳಿ ಕತ್ತಲೆಯಾಗಿರುತ್ತದೆ.

ಅಳೆಯದೆ ಮುಂದೆ ಹೋಗಬೇಡಿ

"ಸ್ವಲ್ಪ ನಿಧಾನ ಅನ್ಸುತ್ತೆ" ಅನ್ನುವುದು ಅಳತೆಯಲ್ಲ. ಎಷ್ಟು ನಿಧಾನ ಅನ್ನುವುದು ಗೊತ್ತಾದರೆ ಕಾರಣ ಅರ್ಧ ಸಿಕ್ಕ ಹಾಗೆ.

ಖರ್ಚಿಲ್ಲದ ದಾರಿ ದರ್ಜಿಯ ಅಳತೆಪಟ್ಟಿ. ಬೇಡದ ಒಂದು ಟೇಪಿನಲ್ಲಿ ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ಸರಿಯಾಗಿ 571.5 ಸೆಂ.ಮೀ. ಅಳೆಯಿರಿ. 9.5ರ ಸ್ಪೀಡಿನಲ್ಲಿ ಅಷ್ಟು ಟೇಪು ಹೆಡ್ಡನ್ನು ದಾಟಲು 60 ಸೆಕೆಂಡು ಬೇಕು, 19ರಲ್ಲಿ 30. ಗುರುತಿಗೆ, ತುಂಡಾದ ಟೇಪನ್ನು ಜೋಡಿಸುವ ಸ್ಪ್ಲೈಸಿಂಗ್ ಟೇಪಿನ ಚೂರನ್ನು ಹಿಂಬದಿಗೆ ಅಂಟಿಸಿ. ಮಾಮೂಲಿ ಸೆಲ್ಲೋಟೇಪ್ ಬೇಡ, ಅದರ ಗೋಂದು ಒಸರಿ ಪಕ್ಕದ ಸುತ್ತಿಗೆ ಹಿಡಿಯುತ್ತದೆ. ಅಳೆಯುವಾಗ ಟೇಪನ್ನು ಎಳೆದು ಬಿಗಿ ಮಾಡಬೇಡಿ. ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಮೂರು ಸಲ ನೋಡಿ. 60ರ ಬದಲು 61.2 ಬಂದರೆ ಶೇ. 2 ನಿಧಾನ. ಸ್ಪೂಲಿನ ಶುರುವಿನಲ್ಲೂ ಕೊನೆಯಲ್ಲೂ ಇಂಥ ಒಂದೊಂದು ಜೋಡಿ ಗುರುತು ಹಾಕಿದರೆ ಇನ್ನೂ ಒಳ್ಳೆಯದು. ಯಾಕೆ ಅಂತ ಬ್ರೇಕಿನ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಎರಡನೇ ದಾರಿ ಟೋನ್ ಟೇಪು. ಸ್ಪೀಡ್ ನೋಡಲೆಂದೇ 3150 ಹರ್ಟ್ಸ್ ಸ್ವರ ತುಂಬಿದ ಟೇಪುಗಳು ಸಿಗುತ್ತವೆ. ಅದನ್ನು ಹಾಕಿ ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ನೋಡಿದರೆ ಆಯಿತು. 3087 ತೋರಿಸಿದರೆ ಶೇ. 2 ನಿಧಾನ. ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡುತ್ತಾರೆ. ತಮ್ಮ ಮೆಷಿನ್ನಿನಲ್ಲೇ ಟೋನ್ ರೆಕಾರ್ಡ್ ಮಾಡಿ, ಅದರಲ್ಲೇ ಹಾಕಿ, "ನೋಡಿ, ಕರೆಕ್ಟಾಗಿದೆ" ಅನ್ನುತ್ತಾರೆ. ನಿಧಾನದ ಮೆಷಿನ್ನು ನಿಧಾನವಾಗಿಯೇ ಬರೆದು ನಿಧಾನವಾಗಿಯೇ ಓದುತ್ತದೆ. ಎರಡು ತಪ್ಪು ಸೇರಿ ಸರಿಯಾಗಿ ಕೇಳುತ್ತದೆ. ಟೋನು ಬೇರೆ, ಒಳ್ಳೆಯ ಮೆಷಿನ್ನಿನಲ್ಲಿ ತುಂಬಿದ್ದಾಗಿರಬೇಕು.

ಮೂರನೆಯದು ನನಗೆ ಅಚ್ಚುಮೆಚ್ಚಿನ ಉಪಾಯ. ಹಳೆಯ ರೆಕಾರ್ಡಿಂಗುಗಳಲ್ಲಿ ಕರೆಂಟಿನ ಗುಂಯ್ ಸದ್ದು ಹೇಗೂ ಇರುತ್ತದೆ. ನಮ್ಮಲ್ಲಿ ರೆಕಾರ್ಡ್ ಆದದ್ದಾದರೆ ಅದು 50 ಹರ್ಟ್ಸ್, ಜೊತೆಗೆ ಅದರ ದುಪ್ಪಟ್ಟು 100. ಕಂಪ್ಯೂಟರಿಗೆ ಇಳಿಸಿ, ಯಾವ ಹರ್ಟ್ಸಿನಲ್ಲಿ ಎಷ್ಟು ಸದ್ದಿದೆ ಅಂತ ಗೆರೆಯಲ್ಲಿ ತೋರಿಸುವ ಸ್ಪೆಕ್ಟ್ರಮ್‌ನಲ್ಲಿ ನೋಡಿದರೆ ಅತ್ತೆಯ ಟೇಪಿನಲ್ಲಿ ಆ ಗೆರೆ 100ರ ಬದಲು 83ರ ಹತ್ತಿರ ನಿಂತಿತ್ತು. ಹಾಕುತ್ತಿರುವ ಮೆಷಿನ್ನೂ ತನ್ನದೇ 50 ಮತ್ತು 100ನ್ನು ಸೇರಿಸುತ್ತದೆ, ಎರಡನ್ನೂ ಗುಲಗಂಜಿಯಷ್ಟೂ ಬೆರೆಸಿಕೊಳ್ಳಬೇಡಿ. ಟೇಪ್ ನಿಲ್ಲಿಸಿದಾಗಲೂ ಉಳಿಯುವ ಗೆರೆ ಮೆಷಿನ್ನಿನದು, ಮಾಯವಾಗುವುದು ಟೇಪಿನದು.

ಈ ಉಪಾಯಕ್ಕೆ ಒಂದು ತೂತು ಇದೆ. ಒಂದು ಕಾಲದಲ್ಲಿ ನಮ್ಮ ದಕ್ಷಿಣದ ಗ್ರಿಡ್ಡಿನಲ್ಲಿ 50 ಅನ್ನುವುದು ಹೆಸರಿಗೆ ಮಾತ್ರ ಇತ್ತು. 1990ರ ದಶಕದಲ್ಲಿ ಅದು 48ರ ಆಸುಪಾಸಿಗೆ ಬೀಳುವುದು ಅಪರೂಪವೇನಾಗಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಲೈನಿನ ಮೂಲಕ ದಕ್ಷಿಣದ ಗ್ರಿಡ್ಡು ದೇಶದ ಉಳಿದ ಗ್ರಿಡ್ಡಿಗೆ ಸೇರಿತು. ಈಗ 50ರ ಹತ್ತಿರವೇ ಇರುತ್ತದೆ. ಕರೆಂಟಿನ ಹರ್ಟ್ಸ್ ಹಿಡಿದು ಓಡುವ ಮೆಷಿನ್ನು 48.5ರ ಕರೆಂಟಿನಲ್ಲಿ ರೆಕಾರ್ಡ್ ಮಾಡಿದ್ದರೆ, ಮೋಟಾರೂ ಗುಂಯ್ ಸದ್ದೂ ಎರಡೂ ಶೇ. 3 ಕೆಳಗೇ ಇದ್ದವು. ಈಗ ಹಾಕಿದರೆ ಗುಂಯ್ ಸದ್ದು ಸರಿಯಾಗಿ 50 ತೋರಿಸುತ್ತದೆ, ಹಾಡು ಮಾತ್ರ ಸುಮಾರು ಕಾಲು ಮನೆ ಮೇಲಿರುತ್ತದೆ. ಹಾಡಿದವರ ಶ್ರುತಿ ಗೊತ್ತಿದ್ದರೆ ಅದನ್ನೇ ನಂಬಿ. ಶೇ. 6 ವ್ಯತ್ಯಾಸ ಅಂದರೆ ಅರ್ಧ ಮನೆ, ಒಂದು ಸ್ವರಸ್ಥಾನ. ಇಷ್ಟು ನೆನಪಿಟ್ಟುಕೊಂಡರೆ ತಂಬೂರಿ ಆ್ಯಪ್ ಹಿಡಿದೇ ಸ್ಪೀಡ್ ಅಳೆಯಬಹುದು.

ಮನೆಬಳಕೆಯ ಹಳೆಯ ಮೆಷಿನ್ನು ಶೇ. 1ರ ಒಳಗಿದ್ದರೆ ನಾನು ಕೈ ಹಾಕುವುದಿಲ್ಲ. 2 ದಾಟಿದರೆ ಹುಡುಕಲು ಕೂರುತ್ತೇನೆ.

50 ಮತ್ತು 60ರ ಲೆಕ್ಕ

ಅಳತೆ ಶೇ. 16–17 ನಿಧಾನ ಅಂತ ಬಂದರೆ ಮೆಷಿನ್ ಮುಚ್ಚಿಟ್ಟು ಹಿಂದಿನ ಪ್ಲೇಟ್ ಓದಿ. ಹಳೆಯ ಮೆಷಿನ್ನುಗಳಲ್ಲಿ ಹೆಚ್ಚಿನವು ಎಸಿ ಮೋಟಾರಿನವು. ಅದರ ಸ್ಪೀಡು ವೋಲ್ಟಿಗಿಂತ ಹರ್ಟ್ಸಿನ ಮಾತು ಕೇಳುತ್ತದೆ. 60ಕ್ಕೆ ಮಾಡಿದ್ದು 50ರಲ್ಲಿ ಓಡಿದರೆ ಆರರಲ್ಲಿ ಐದು ಭಾಗ ಸ್ಪೀಡು. ಶ್ರುತಿಯಲ್ಲಿ ಮೂರು ಸ್ವರಸ್ಥಾನಕ್ಕಿಂತ ಒಂಚೂರು ಜಾಸ್ತಿ ಇಳಿತ. ಐದು ಮನೆಯಿಂದ ನಾಲ್ಕೂವರೆ, ನಾಲ್ಕು, ಮೂರು (ನಾಲ್ಕಕ್ಕೂ ಮೂರಕ್ಕೂ ನಡುವೆ ಅರ್ಧ ಮನೆ ಇಲ್ಲ). ಅತ್ತೆಯ ಕೂದಲೆಳೆಯೂ ಲೆಕ್ಕಕ್ಕೆ ಸರಿಯಾಗಿ ಸಿಕ್ಕಿತು.

ಅಮೆರಿಕದ ಮೆಷಿನ್ನಿಗೆ 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದ್ದೀವಲ್ಲ ಅಂದುಕೊಳ್ಳಬೇಡಿ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಸ್ ಮುಟ್ಟುವುದಿಲ್ಲ. ಇದೇ ಕಥೆ ಉಲ್ಟಾ ಕೂಡ ನಡೆಯುತ್ತದೆ. ಊರಿಂದ ಮೆಷಿನ್ ಹೊತ್ತುಕೊಂಡು ನ್ಯೂಜೆರ್ಸಿಗೋ ಟೊರಾಂಟೊಗೋ ಹೋದವರಿಗೆ ಎಲ್ಲ ಹಾಡೂ ಶೇ. 20 ವೇಗವಾಗಿ ಕೇಳುತ್ತದೆ.

ಅನೇಕ ಜಪಾನಿ ಮೆಷಿನ್ನುಗಳಲ್ಲಿ ಇದಕ್ಕೆ ದಾರಿ ಇಟ್ಟಿರುತ್ತಾರೆ. ಮೋಟಾರಿನ ಪುಲ್ಲಿಯಲ್ಲಿ ಎರಡು ಮೆಟ್ಟಿಲಿದ್ದು ಬೆಲ್ಟನ್ನು ದೊಡ್ಡದಕ್ಕೆ ಸರಿಸುವುದು, ಇಲ್ಲವೇ ಪುಲ್ಲಿಯನ್ನೇ ತಿರುಗಿಸಿ ಹಾಕುವುದು ಅಥವಾ ಬದಲಿಸುವುದು. ಎಷ್ಟೋ ಕಡೆ ಮೋಟಾರಿನ ಕೆಪಾಸಿಟರ್ ವೈರನ್ನೂ ಜೊತೆಗೆ ಬದಲಿಸಬೇಕು. ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ನೋಡದೆ ಅಂದಾಜಿಗೆ ಮಾಡಬೇಡಿ, ಮೋಟಾರ್ ಸುಡುತ್ತದೆ.

ವೋಲ್ಟ್ ತೀರಾ ಕಡಿಮೆಯಿದ್ದರೂ ಮೋಟಾರಿಗೆ ಬಲ ಸಾಲದೆ ಎಳೆಯುತ್ತದೆ. ಸಂಜೆ ಹೊತ್ತು 170ಕ್ಕೆ ಇಳಿಯುವ ಊರಾದರೆ ಬೆಳಿಗ್ಗೆ ಒಂದು ಸಲ ಹಾಕಿ ನೋಡಿ. ಅಗ್ಗದ ಇನ್ವರ್ಟರಿನ ಮೇಲಂತೂ ಅಳೆಯಲೇಬೇಡಿ.

ಬೆರಳಿನ ಪರೀಕ್ಷೆ

ಇಷ್ಟಾದರೂ ಕಾರಣ ಸಿಗದಿದ್ದರೆ ಈಗ ಮೆಷಿನ್ನಿನ ಕಡೆ ಬನ್ನಿ. ಇನ್ನೂ ಬಿಚ್ಚುವುದು ಬೇಡ.

ಟೇಪು ಓಡುವುದು ರೀಲು ಎಳೆಯುವುದರಿಂದ ಅಲ್ಲ. ಹೆಡ್ಡಿನ ಪಕ್ಕ ಪೆನ್ಸಿಲ್ಲಿನಷ್ಟು ದಪ್ಪದ ಹೊಳೆಯುವ ಕಂಬಿ ತಿರುಗುತ್ತಿರುತ್ತದೆ, ಅದು ಕ್ಯಾಪ್‌ಸ್ಟನ್. ಒಂದು ರಬ್ಬರ್ ಚಕ್ರ ಟೇಪನ್ನು ಅದಕ್ಕೆ ಒತ್ತಿ ಹಿಡಿಯುತ್ತದೆ, ಅದು ಪಿಂಚ್ ರೋಲರ್. ಸ್ಪೀಡು ಹುಟ್ಟುವುದು ಈ ಎರಡರ ನಡುವೆ. ಕ್ಯಾಪ್‌ಸ್ಟನ್ನಿನ ಬುಡದಲ್ಲಿ, ಒಳಗೆ, ಸ್ಪೀಡನ್ನು ಒಂದೇ ಸಮ ಇಡುವ ಭಾರದ ಚಕ್ರ, ಫ್ಲೈವೀಲ್, ಇರುತ್ತದೆ.

ಟೇಪು ಓಡುತ್ತಿರುವಾಗ ಎಡಗಡೆ ರೀಲಿನ ಅಂಚಿಗೆ ಬೆರಳು ಮೆಲ್ಲಗೆ ತಾಗಿಸಿ. ರೊಟ್ಟಿ ಬೆಂದಿದೆಯಾ ಅಂತ ಮುಟ್ಟಿ ನೋಡುವಷ್ಟು ಹಗುರ. ಆರೋಗ್ಯವಾಗಿರುವ ಮೆಷಿನ್ನಿಗೆ ಇದು ಲೆಕ್ಕಕ್ಕೇ ಇಲ್ಲ. ಅಷ್ಟಕ್ಕೇ ಶ್ರುತಿ ಕುಸಿದರೆ ಎಲ್ಲೋ ಜಾರುತ್ತಿದೆ. ಈಗ ಕ್ಯಾಪ್‌ಸ್ಟನ್ ನೋಡಿ. ಅದರ ತುದಿಗೆ ಮಾರ್ಕರಿನಿಂದ ಒಂದು ಚುಕ್ಕೆ ಇಟ್ಟಿದ್ದರೆ ಸುಲಭ. ಅದು ಮೊದಲಿನ ಹಾಗೇ ತಿರುಗುತ್ತಿದ್ದು ಟೇಪು ಮಾತ್ರ ನಿಧಾನವಾದರೆ, ಜಾರುತ್ತಿರುವುದು ಪಿಂಚ್ ರೋಲರಿನಲ್ಲಿ. ಕ್ಯಾಪ್‌ಸ್ಟನ್ನೇ ನಿಧಾನವಾದರೆ ತೊಂದರೆ ಒಳಗೆ, ಬೆಲ್ಟಿನಲ್ಲೋ ರಬ್ಬರ್ ಚಕ್ರದಲ್ಲೋ ಮೋಟಾರಿನಲ್ಲೋ.

ಪಿಂಚ್ ರೋಲರಿನ ಮೈ ಮಂಕಾಗಿ, ಕಪ್ಪಾಗಿ, ಸ್ವಲ್ಪ ಮೆತ್ತಗಿರಬೇಕು. ಪಾಲಿಶ್ ಮಾಡಿದ ಚಪ್ಪಲಿಯ ಹಾಗೆ ಹೊಳೆಯುತ್ತಿದ್ದರೆ, ಉಗುರು ಒತ್ತಿದರೆ ಒಳಹೋಗದಿದ್ದರೆ, ಹಿಡಿತ ಹೋಗಿದೆ. ಕ್ಯಾಪ್‌ಸ್ಟನ್ನನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಮೆಡಿಕಲ್ ಸ್ಟೋರಿನಲ್ಲಿ ಸಿಗುವುದು ಸಾಮಾನ್ಯವಾಗಿ ನೀರು ಬೆರೆತ ಶೇ. 70ರದ್ದು. ಶೇ. 99ರದ್ದು ಬೇಕೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿ. ಹತ್ತಿ ಕಂದಾಗಿ ಬರುತ್ತದೆ. ಬಿಳಿಯಾಗಿಯೇ ಬರುವವರೆಗೂ ಒರೆಸಿ. ರಬ್ಬರಿಗೆ ಮಾತ್ರ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿ ಹಾಕಿದ ನೀರು ಸಾಕು. ಒರೆಸಿ, ಪೂರ್ತಿ ಒಣಗಿಸಿ. ಪೆಟ್ರೋಲು, ಥಿನ್ನರು, ಉಗುರುಬಣ್ಣ ತೆಗೆಯುವ ದ್ರಾವಣ ಯಾವುದೂ ಬೇಡ. ಗಟ್ಟಿಯಾದ ರಬ್ಬರಿನ ಮೇಲುಪದರವನ್ನು ನಯವಾದ ಎಮರಿ ಕಾಗದದಿಂದ ಉಜ್ಜಿದರೆ ಕೆಲವು ತಿಂಗಳು ನಡೆಯುತ್ತದೆ. ಸುತ್ತಲೂ ಸಮ ಉಜ್ಜಲು ಬರದಿದ್ದರೆ ಸುಮ್ನೆ ಬಿಡಿ, ಚಕ್ರ ಸೊಟ್ಟಗಾಗಿ ಹೊಸ ಎಳೆದಾಟ ಶುರುವಾಗುತ್ತದೆ. ಹೊಸ ರಬ್ಬರ್ ಹಾಕಿಸುವುದೇ ಮೇಲು.

ಸ್ಪೂಲ್ ಮುಗಿಯುತ್ತಾ ಬಂದಂತೆ ಎಳೆಯುವ ಕಾಯಿಲೆ ಬ್ರೇಕಿನದು. ಎಡಗಡೆ ರೀಲನ್ನು ಮೆಷಿನ್ನು ಒಂದಿಷ್ಟು ಹಿಂದಕ್ಕೆ ಜಗ್ಗಿ ಹಿಡಿದಿರುತ್ತದೆ, ಟೇಪು ಸಡಿಲವಾಗದಿರಲಿ ಅಂತ. ಬ್ರೇಕಿನ ಬಲ ಅಷ್ಟೇ ಇದ್ದರೂ ಸುರುಳಿ ಚಿಕ್ಕದಾದಂತೆ ಟೇಪಿನ ಮೇಲಿನ ಜಗ್ಗು ಏರುತ್ತದೆ. ಬಾವಿಯ ರಾಟೆ ಚಿಕ್ಕದಾದಷ್ಟೂ ಕೈಗೆ ಭಾರ ಬಂದ ಹಾಗೆ. ಪಿಂಚ್ ರೋಲರ್ ಹೇಗೋ ತಡೆದುಕೊಂಡಿದ್ದು ಕೊನೆಯ ಹತ್ತು ನಿಮಿಷದಲ್ಲಿ ಸೋಲುತ್ತದೆ. ಶುರುವಿನ ಜೋಡಿ ಗುರುತಿಗೆ 60 ಸೆಕೆಂಡು, ಕೊನೆಯದಕ್ಕೆ 62 ಬಂದರೆ ಇದೇ. ಕೊಳೆ ಹಿಡಿದ ಬ್ರೇಕಿನ ಫೆಲ್ಟು ನೋಡಿ. ಚಿಕ್ಕ ರೀಲು, ದೊಡ್ಡ ರೀಲು ಅಂತ ಸ್ವಿಚ್ ಇರುವ ಮೆಷಿನ್ನಾದರೆ ಅದು ಎಲ್ಲಿದೆ ಅಂತ ನೋಡಿ. ನಾಚಿಕೆಯಾಗುವಷ್ಟು ಸಲ ಅದೇ ಆಗಿರುತ್ತದೆ.

ಈಗ ಬಿಚ್ಚಿ

ಪ್ಲಗ್ ಕಿತ್ತು, ಉಂಗುರ, ವಾಚು ತೆಗೆದಿಟ್ಟು ಶುರು ಮಾಡಿ. ಟ್ರಾನ್ಸಿಸ್ಟರಿನ ಬದಲು ಗಾಜಿನ ವಾಲ್ವ್ ಇರುವ ಹಳೆಯ ಮೆಷಿನ್ನಾದರೆ ಒಳಗೆ 250 ವೋಲ್ಟಿನ ಆಸುಪಾಸು ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಅಭ್ಯಾಸವಿಲ್ಲದವರು ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೊಂದು ಭಾಗ ತೆಗೆಯುವ ಮೊದಲೂ ಮೊಬೈಲಿನಲ್ಲಿ ಫೋಟೋ.

ಬೆಲ್ಟ್ ತೆಗೆದು ಫ್ಲೈವೀಲನ್ನು ಬೆರಳಿನಿಂದ ಒಂದು ಸುತ್ತು ತಳ್ಳಿ. ಬುಗುರಿಯ ಹಾಗೆ ಸದ್ದಿಲ್ಲದೆ ಹಲವು ಸೆಕೆಂಡು ತಿರುಗುತ್ತಿರಬೇಕು. ಅರ್ಧ ಸುತ್ತಿಗೇ ನಿಂತರೆ ಬೇರಿಂಗಿನ ಹಳೆಯ ಗ್ರೀಸು ಗಟ್ಟಿಯಾಗಿದೆ. ಹಾಕಿದಾಗ ಎಳೆದು ಬಿಸಿಯಾದ ಮೇಲೆ ಸರಿಹೋಗುವ ಕಾಯಿಲೆ ಹೆಚ್ಚಾಗಿ ಇದೇ. ಮೇಲಿಂದ ಹೊಸ ಎಣ್ಣೆ ಬಿಡುವುದರಿಂದ ಪ್ರಯೋಜನ ಇಲ್ಲ. ಬೆಲ್ಲದ ಪಾಕದ ಮೇಲೆ ನೀರು ಬಿಟ್ಟ ಹಾಗೆ. ಕ್ಯಾಪ್‌ಸ್ಟನ್ನಿನ ದಂಡ ಹೊರಗೆಳೆದು, ಹಳೆಯ ಗ್ರೀಸನ್ನು ಆಲ್ಕೋಹಾಲಿನಲ್ಲಿ ಪೂರ್ತಿ ತೊಳೆದು, ಆಮೇಲೆ ತೆಳುವಾದ ಯಂತ್ರದ ಎಣ್ಣೆ ಒಂದೆರಡು ಹನಿ. ಹೊಲಿಗೆ ಮೆಷಿನ್ನಿನ ಎಣ್ಣೆ ನಡೆಯುತ್ತದೆ, ಕೊಬ್ಬರಿ ಎಣ್ಣೆ ನಡೆಯುವುದಿಲ್ಲ. ದಂಡದ ಜೊತೆ ಬಂದ ಸಣ್ಣ ವಾಷರುಗಳನ್ನು ಬಂದ ಕ್ರಮದಲ್ಲೇ ಒಂದು ದಾರಕ್ಕೆ ಪೋಣಿಸಿಡಿ.

ಬೆಲ್ಟ್ ಸಡಿಲವಾದರೆ ನಿಧಾನ, ಅದು ಎಲ್ಲರಿಗೂ ಗೊತ್ತು. 1960ರ ದಶಕದ ಕೆಲವು ಯುರೋಪಿನ ಮೆಷಿನ್ನುಗಳಲ್ಲಿ ಬೆಲ್ಟು ಕರಗಿ ಡಾಂಬರಾಗಿರುತ್ತದೆ. ಕೈಗವಸು ಹಾಕಿಕೊಳ್ಳಿ, ಆ ಕಪ್ಪು ಬಟ್ಟೆಗೆ ತಾಗಿದರೆ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. ಹೊಸದರ ಅಳತೆಗೆ, ಬೆಲ್ಟು ಹೋಗುವ ದಾರಿಯಲ್ಲಿ ಒಂದು ದಾರ ಸುತ್ತಿ ಉದ್ದ ನೋಡಿ, ಅದಕ್ಕಿಂತ ಸುಮಾರು ಶೇ. 5 ಕಡಿಮೆ ಸುತ್ತಳತೆಯದು ತನ್ನಿ.

ಆದರೆ ಉದ್ದದಷ್ಟೇ ದಪ್ಪವೂ ಮುಖ್ಯ, ಇದನ್ನು ತುಂಬಾ ಜನ ಮರೆಯುತ್ತಾರೆ. ಚಪ್ಪಟೆ ಬೆಲ್ಟ್ ಪುಲ್ಲಿಗೆ ಸುತ್ತಿದಾಗ ಲೆಕ್ಕಕ್ಕೆ ಬರುವುದು ಬೆಲ್ಟಿನ ದಪ್ಪದ ಮಧ್ಯಭಾಗ. ಮೋಟಾರಿನ ಪುಲ್ಲಿ 10 ಮಿ.ಮೀ. ಅಂತಿಟ್ಟುಕೊಳ್ಳಿ. 0.6 ಮಿ.ಮೀ. ಬೆಲ್ಟ್ ಇದ್ದಾಗ ಅದು 10.6ರ ಪುಲ್ಲಿಯ ಹಾಗೆ ಕೆಲಸ ಮಾಡುತ್ತದೆ. ಅಲ್ಲಿ 1 ಮಿ.ಮೀ. ದಪ್ಪದ್ದು ಹಾಕಿದರೆ 11. ದೊಡ್ಡ ಫ್ಲೈವೀಲಿನ ಕಡೆ ಈ ವ್ಯತ್ಯಾಸ ಅಷ್ಟು ಕಾಣುವುದಿಲ್ಲ. ಹಾಗಾಗಿ ಟೇಪು ಶೇ. 3ರಷ್ಟು ಜೋರಾಗುತ್ತದೆ. "ಹೊಸ ಬೆಲ್ಟ್ ಹಾಕಿದ ಮೇಲೆ ಸ್ಪೀಡ್ ಜಾಸ್ತಿಯಾಯ್ತು" ಅನ್ನುವ ದೂರಿಗೆ ಕಾರಣ ಇದೇ.

ಬೆಲ್ಟಿನ ಬದಲು ರಬ್ಬರ್ ಅಂಚಿನ ಐಡ್ಲರ್ ಚಕ್ರ ಇರುವ ಮೆಷಿನ್ನುಗಳಲ್ಲಿ ಹಾಗಲ್ಲ. ಮೋಟಾರಿನ ದಂಡಕ್ಕೂ ಫ್ಲೈವೀಲಿಗೂ ನಡುವೆ ಸುಮ್ಮನೆ ನಿಲ್ಲುವ ಚಕ್ರ ಅದು. ಸವೆದು ಚಿಕ್ಕದಾದರೂ ಸ್ಪೀಡಿನ ಲೆಕ್ಕ ಬದಲಾಗುವುದಿಲ್ಲ. ಕೆಡುವುದು ಹಿಡಿತ. ಇನ್ನೊಂದು ತೊಂದರೆ, ವರ್ಷಗಟ್ಟಲೆ ಒಂದೇ ಕಡೆ ಒತ್ತಿಕೊಂಡು ನಿಂತರೆ ರಬ್ಬರಿನಲ್ಲಿ ಹಳ್ಳ ಬೀಳುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಟಕ್ ಟಕ್. ಅದಕ್ಕೇ ಇಂಥ ಮೆಷಿನ್ನಿನ ಸ್ಪೀಡ್ ಗುಂಡಿಯಲ್ಲಿ ಸೊನ್ನೆಯ ಜಾಗ ಇದ್ದರೆ, ಎತ್ತಿಡುವಾಗ ಅಲ್ಲಿಗೇ ತಿರುಗಿಸಿಡಿ.

ಮೋಟಾರು ಬಿಸಿಯಾಗುತ್ತಿದೆ, ಬಲವಿಲ್ಲ, ಕೈಯಿಂದ ತಳ್ಳಿದರೆ ಮಾತ್ರ ಶುರುವಾಗುತ್ತದೆ ಅಂದರೆ ಕೆಪಾಸಿಟರ್ ನೋಡಿ. ಸೀಲಿಂಗ್ ಫ್ಯಾನ್ ನಿಧಾನವಾದಾಗ ಎಲೆಕ್ಟ್ರಿಷಿಯನ್ ಬಂದು ಬದಲಿಸುತ್ತಾನಲ್ಲ, ಅದೇ ಜಾತಿಯದು. ಅಷ್ಟೇ ಅಲ್ಲ, ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ ಸರಿಹೊಂದಿದರೆ 440 ವೋಲ್ಟ್ ಎಸಿಯ ಫ್ಯಾನ್ ಕೆಪಾಸಿಟರ್ ಇಲ್ಲಿಗೂ ಆಗುತ್ತದೆ. 2.5, 3.15, 4 ಎಲ್ಲ ಮೂಲೆ ಅಂಗಡಿಯಲ್ಲಿ ಸಿಗುತ್ತವೆ. ಹತ್ತಿರದ್ದು ಸಾಕು ಅಂತ 2.5ರ ಜಾಗಕ್ಕೆ 4 ಹಾಕಬೇಡಿ.

ತೂಗಾಟವನ್ನು ಎಣಿಸಿ

ನಿಧಾನಕ್ಕೆ ತೂಗಾಡುವುದಕ್ಕೆ ವಾವ್ ಅಂತಲೂ, ಗಂಟಲು ಮುಕ್ಕಳಿಸಿದ ಹಾಗೆ ಚುರುಕಾಗಿ ನಡುಗುವುದಕ್ಕೆ ಫ್ಲಟರ್ ಅಂತಲೂ ಹೆಸರು. ಇದರಲ್ಲಿ ಒಂದು ಸೊಗಸಿದೆ. ತೂಗಾಟದ ಲಯ ಎಣಿಸಿದರೆ ತಪ್ಪಿತಸ್ಥ ಸಿಗುತ್ತಾನೆ.

30 ಮಿ.ಮೀ. ವ್ಯಾಸದ ಪಿಂಚ್ ರೋಲರಿನ ಸುತ್ತಳತೆ ಸುಮಾರು 94 ಮಿ.ಮೀ. 9.5ರ ಸ್ಪೀಡಿನಲ್ಲಿ ಅದು ಸೆಕೆಂಡಿಗೆ ಒಂದು ಸುತ್ತು, 19ರಲ್ಲಿ ಎರಡು. ತಂಬೂರಿ ಆ ಲಯದಲ್ಲೇ ಅಲುಗುತ್ತಿದ್ದರೆ ರೋಲರ್ ಸೊಟ್ಟ. 8 ಮಿ.ಮೀ. ಕ್ಯಾಪ್‌ಸ್ಟನ್ 9.5ರಲ್ಲಿ ಸೆಕೆಂಡಿಗೆ ನಾಲ್ಕಕ್ಕೆ ಹತ್ತಿರ, 19ರಲ್ಲಿ ಏಳೆಂಟು ಸುತ್ತು. ಅದು ಎಣಿಕೆಗೆ ಸಿಗದೆ ನಡುಕವಾಗಿ ಕೇಳುತ್ತದೆ. ರೀಲಿನ ಲಯ ಮಾತ್ರ ಬದಲಾಗುತ್ತಾ ಹೋಗುತ್ತದೆ. 7 ಇಂಚಿನ ತುಂಬಿದ ರೀಲು 19ರಲ್ಲಿ ಒಂದು ಸುತ್ತಿಗೆ ಸುಮಾರು 3 ಸೆಕೆಂಡು ತೆಗೆದುಕೊಳ್ಳುತ್ತದೆ, ಖಾಲಿಯಾಗುವ ಹೊತ್ತಿಗೆ ಒಂದು ಸೆಕೆಂಡು. ತೂಗಾಟ ಹೊತ್ತು ಕಳೆದಂತೆ ಚುರುಕಾಗುತ್ತಾ ಬಂದರೆ ಎಡ ರೀಲು, ನಿಧಾನವಾಗುತ್ತಾ ಬಂದರೆ ಬಲ ರೀಲು. ಎಷ್ಟೋ ಸಲ ರೀಲಿನ ಅಂಚು ಸೊಟ್ಟಗಾಗಿ ಟೇಪಿಗೆ ಉಜ್ಜುತ್ತಿರುತ್ತದೆ, ಬೇರೆ ರೀಲಿಗೆ ಸುತ್ತಿದರೆ ಮುಗಿಯಿತು.

ಸರ್ವೋ ಮೆಷಿನ್ನುಗಳು

ಸರ್ವೋ ಅಂದರೆ ತನ್ನ ಸ್ಪೀಡನ್ನು ತಾನೇ ನೋಡಿ ತಿದ್ದಿಕೊಳ್ಳುವ ಮೆಷಿನ್ನು. 1967ರಲ್ಲಿ ಬಂದ ಸ್ವಿಟ್ಜರ್‌ಲೆಂಡಿನ ರಿವಾಕ್ಸ್ ಎ77ರಂಥವಕ್ಕೆ ಮೇಲಿನ ಬೆಲ್ಟಿನ ಮಾತು ಯಾವುದೂ ಅನ್ವಯಿಸುವುದಿಲ್ಲ. ಮೋಟಾರಿನ ದಂಡವೇ ಕ್ಯಾಪ್‌ಸ್ಟನ್. ಮೋಟಾರಿನ ಸುತ್ತು ಎಣಿಸಲು ಪಕ್ಕದಲ್ಲಿ ಟ್ಯಾಕೋ ಹೆಡ್ ಇರುತ್ತದೆ, ಅದರ ಎಣಿಕೆ ನೋಡಿ ಸರ್ಕ್ಯೂಟು ಸ್ಪೀಡ್ ಹಿಡಿದಿಡುತ್ತದೆ. 50, 60 ಹರ್ಟ್ಸಿನ ಗೋಜಿಲ್ಲ. ಇಂಥದ್ದು ಹುಚ್ಚು ಕುದುರೆಯ ಹಾಗೆ ಪೂರ್ತಿ ಜೋರಾಗಿ ಓಡಿದರೆ, ಎಣಿಕೆ ಸರ್ಕ್ಯೂಟಿಗೆ ತಲುಪುತ್ತಿಲ್ಲ ಅಥವಾ ಮೋಟಾರನ್ನು ಹಿಡಿಯುವ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ. ಮೊದಲು ಟ್ಯಾಕೋ ಹೆಡ್ಡಿನ ವೈರು, ಕನೆಕ್ಟರು ನೋಡಿ. ಸ್ಪೀಡು ಒಮ್ಮೊಮ್ಮೆ ಹಾರಿದರೆ ಕೊಳೆಯಾದ ಸ್ಪೀಡ್ ಸ್ವಿಚ್ಚು, ಹಳೆಯ ಟ್ರಿಮ್ಮರು, ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು, ಈ ಕ್ರಮದಲ್ಲಿ.

ಟ್ರಿಮ್ಮರ್ ಅನ್ನುವ ಆ ಪುಟ್ಟ ಸ್ಕ್ರೂ ಬಗ್ಗೆ ಈಗ ಹೇಳಬಹುದು. ಎಲ್ಲ ಒರೆಸಿ, ಎಣ್ಣೆ ಬಿಟ್ಟು, ರಬ್ಬರು ಬದಲಿಸಿ, ಅರ್ಧ ಗಂಟೆ ಮೆಷಿನ್ ಬಿಸಿಯಾದ ಮೇಲೂ ಒಂದೇ ಸಮನೆ ಶೇ. 1–2 ವ್ಯತ್ಯಾಸ ಉಳಿದಿದ್ದರೆ ಮಾತ್ರ ಮುಟ್ಟಿ. ತಿರುಗಿಸುವ ಮುಂಚೆ ಈಗಿರುವ ಜಾಗಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ. ಜಾರುತ್ತಿರುವ ಬೆಲ್ಟನ್ನು ಟ್ರಿಮ್ಮರಿನಿಂದ ಸರಿಮಾಡಿದರೆ ಮುಂದಿನ ತಿಂಗಳು ಮತ್ತೆ ತಿರುಗಿಸಬೇಕು.

ಬರೀ ಕಂಪ್ಯೂಟರಿಗೆ ಇಳಿಸುವುದಾದರೆ

ಮನೆಯಲ್ಲಿ ಹತ್ತು ಟೇಪಿವೆ, ಒಂದು ಸಲ ಇಳಿಸಿಕೊಂಡರೆ ಸಾಕು ಅನ್ನುವವರು ಒಂದೇ ಸಮನೆಯ ಸ್ಪೀಡ್ ತಪ್ಪನ್ನು ರಿಪೇರಿ ಮಾಡಲೇಬೇಕೆಂದಿಲ್ಲ. ನಾನೂ ಕೊನೆಗೆ ಆ ಮೆಷಿನ್ನಿನ ಪುಲ್ಲಿ ಹುಡುಕಲು ಹೋಗಲಿಲ್ಲ. ನಿಧಾನವಾಗಿಯೇ ಇಳಿಸಿ, ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಸ್ಪೀಡ್ ಶೇ. 20 ಏರಿಸಿದೆ. ಸ್ಪೀಡ್ ಬದಲಿಸುವ ಎಫೆಕ್ಟನ್ನೇ ಆರಿಸಿ. ಟೆಂಪೋ ಬದಲಿಸುವುದು ಬೇರೆ, ಅದರಲ್ಲಿ ಶ್ರುತಿ ಇದ್ದಲ್ಲೇ ಇರುತ್ತದೆ. 4.75ರ ಟೇಪನ್ನು 9.5ರಲ್ಲಿ ಇಳಿಸಿದ್ದರೆ ಶೇ. 50 ಇಳಿಸಿ. ಹೀಗೆ ಮಾಡಿದಾಗ ಧ್ವನಿಯ ಬಣ್ಣ ಕೊಂಚ ಬದಲಾಗಬಹುದು, ಯಾಕಂದರೆ ಮೆಷಿನ್ನಿನ ಈಕ್ವಲೈಸೇಷನ್, ಅಂದರೆ ತಗ್ಗು ಮತ್ತು ಎತ್ತರದ ಸ್ವರಗಳ ಹೊಂದಾಣಿಕೆ, ಒಂದೊಂದು ಸ್ಪೀಡಿಗೂ ಬೇರೆ. ಮಾತಿನ ಟೇಪಿಗೆ ಅದು ಗೊತ್ತೇ ಆಗುವುದಿಲ್ಲ.

ತೂಗಾಟ ಇರುವ ಟೇಪಿಗೆ ಈ ಉಪಾಯ ನಡೆಯುವುದಿಲ್ಲ, ಅದನ್ನು ಮೆಷಿನ್ನಿನಲ್ಲೇ ಸರಿಮಾಡಬೇಕು. ಮತ್ತೆ, ಮೊದಲು ಇಳಿಸಿದ ಮೂಲ ಫೈಲನ್ನು ಅಳಿಸಬೇಡಿ. ಎಷ್ಟು ಶೇಕಡಾ ಬದಲಿಸಿದಿರಿ ಅಂತ ಫೈಲಿನ ಹೆಸರಿನಲ್ಲೇ ಬರೆಯಿರಿ. ಅತ್ತೆ ಕೇಳಿ "ಐದೇ, ಆದರೆ ಒಂದು ಚೂರು ಮೇಲಿದೆ" ಅಂದಾಗ ನಾನು ಹಿಂದಕ್ಕೆ ಹೋಗಿದ್ದು ಆ ಫೈಲಿಗೇ. 20ರ ಬದಲು 19 ಹಾಕಿದೆ.